ಯಾವ ಮನೆಯವರು ನೀವು?

ಮೈಸೂರಿನವರು ನೀವು, ಮೊನ್ನೆ ಕೇಳಿದಿರಿ: "ಕೊಡಗಿನವರು ಅಂದ್ರೆ ಕೊಡವರೇ ಅಲ್ವಾ? ಬೇರೆಯವರಿಗೂ ಅವರಿಗೂ ಏನು ವ್ಯತ್ಯಾಸ, ರಕ್ತಾನೇ ಬೇರೆಯಾ?" ಆವತ್ತು ನಕ್ಕು ಸುಮ್ಮನಾದೆ. ಈಗ ಮಳೆ ಹಿಡಿದಿದೆ, ಕರೆಂಟಿಲ್ಲ, ಬರೆಯಲು ಪುರುಸೊತ್ತಿದೆ.

ನಮ್ಮದು ಭಾಗಮಂಡಲದ ಕಡೆ. ಘಟ್ಟ ಇಳಿದು ಕರಿಕೆ ದಾಟಿದರೆ ಕೇರಳದ ಪಾಣತ್ತೂರು. ನಾವು ಅರೆಭಾಷೆ ಗೌಡರು. ಅಂದರೆ ನಾನು ಕೊಡಗಿನವನು, ಕೊಡವ ಅಲ್ಲ.

ಇಲ್ಲಿ ಹೊಸಬರು ಸಿಕ್ಕಿದರೆ ಹಿರಿಯರು ಮೊದಲು ಕೇಳುವುದು ಜಾತಿಯನ್ನಲ್ಲ, "ಯಾವ ಮನೆ?" ಎಂದು. ಮನೆ ಹೆಸರು ಹೇಳಿದರೆ ಮಿಕ್ಕಿದ್ದನ್ನು ಅವರೇ ಲೆಕ್ಕ ಹಾಕುತ್ತಾರೆ. ಕೊಡವರಲ್ಲಿ ಮನೆ ಹೆಸರು ಮುಂದೆ ಬರುತ್ತದೆ. ಜನರಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ನಮ್ಮಲ್ಲೂ ಹಾಗೇ. 1837ರ ದಂಗೆಯ ನಂತರ ಬ್ರಿಟಿಷರು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದ ಅಪ್ಪಯ್ಯ ಗೌಡರು ಗುಡ್ಡೆಮನೆಯವರು. ಮನೆ ಹೆಸರಿನ ಕೊನೆಯಲ್ಲಿ 'ಅಂಡ', 'ಇರ' ಕೇಳಿದರೆ ಕೊಡವರ ಒಕ್ಕ, ಅಂದರೆ ಅವರ ಮನೆತನ, ಎಂದುಕೊಳ್ಳುತ್ತೇವೆ. ಅಲ್ಲೇ ಎಡವುವುದು ಕೂಡ. ಜಮ್ಮಾ ಮಾಪಿಳ್ಳೆಗಳು ಅಂತ ಇದ್ದಾರೆ, ಕೊಡವ ಮುಸಲ್ಮಾನರು. ಅವರ ಮನೆ ಹೆಸರೂ ಹಾಗೇ ಮುಗಿಯುತ್ತದೆ. ನಮಾಜು ಮಾಡುತ್ತಾರೆ, ನಿಕಾಹ್ ಮಾಡುತ್ತಾರೆ, ಹಂದಿ ಮುಟ್ಟುವುದಿಲ್ಲ. ಆದರೆ ಮನೆ ಹೆಸರನ್ನು ಬಿಟ್ಟಿಲ್ಲ.

ಹಾಗಾದರೆ ಬೇರೆಯಾಗುವುದು ಎಲ್ಲಿ? ನನ್ನ ಪ್ರಕಾರ, ಸತ್ತವರಿಗೆ ಬಡಿಸುವಲ್ಲಿ.

ಕೊಡವರ ಐನ್‌ಮನೆಗೆ ಒಮ್ಮೆ ಹೋಗಿ ನೋಡಿ. ಒಕ್ಕದವರೆಲ್ಲರಿಗೂ ಸೇರಿದ ಮೂಲಮನೆ ಅದು. ಬೆಂಗಳೂರಿನಲ್ಲಿದ್ದರೂ ದುಬೈನಲ್ಲಿದ್ದರೂ ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಬರಬೇಕು. ಒಳಗೆ ನೆಲ್ಲಕ್ಕಿ ನಡುಬಾಡೆ, ಅಂದರೆ ನಡುಮನೆ, ಅಲ್ಲಿ ದೀಪ. ಪಕ್ಕದಲ್ಲೆಲ್ಲೋ ಕೈಮಡ. ಅದು ಒಕ್ಕದ ಮೊದಲ ಹಿರಿಯನ, ಅಂದರೆ ಗುರುಕಾರಣನ ಗುಡಿ. ಅವನಿಗೆ ಬಾಳೆ ಎಲೆಯಲ್ಲಿ ಮಾಂಸ ಇಡುತ್ತಾರೆ, ಮದ್ಯ ಇಡುತ್ತಾರೆ. ಬದುಕಿದ್ದಾಗ ತಿಂದದ್ದನ್ನೇ ತಾನೇ ಕೊಡಬೇಕು? ಕೊಡವರ ಮದುವೆಗೂ ಪುರೋಹಿತರು ಬೇಡ. ಮನೆಯ ಹಿರಿಯರು ನಿಂತು ನಡೆಸುತ್ತಾರೆ. ದೀಪದ ಮುಂದೆ ಗುರುಕಾರಣನನ್ನು ನೆನೆದರೆ ಆಯಿತು.

ನಮ್ಮ ಮನೆಯಲ್ಲೂ ಹಿರಿಯರಿಗೆ ಬಡಿಸುತ್ತೇವೆ. ಆದರೆ ನಮ್ಮ ಹಿರಿಯರು ಸುಳ್ಯದ ಕಡೆಯಿಂದ ಘಟ್ಟ ಹತ್ತಿ ಬಂದವರು. ಬರುವಾಗ ತುಳುನಾಡಿನ ದೈವಗಳಾದ ಪಂಜುರ್ಲಿ, ಗುಳಿಗನನ್ನೂ ಕರೆತಂದರು. ಭಾಷೆ ಕನ್ನಡದ್ದೇ ಒಂದು ಬಗೆ. ಹೆಸರು ಅರೆಭಾಷೆ ಅಂತ ಇದೆ, ಅರ್ಧ ಭಾಷೆ ಏನಲ್ಲ! ಕೊಡವರ ಮಾತು, ಕೊಡವ ತಕ್ಕ್, ಬೇರೆಯದೇ ಭಾಷೆ. ಬರೆಯುವುದು ಜಾಸ್ತಿ ಕನ್ನಡ ಲಿಪಿಯಲ್ಲಿ, ಅಷ್ಟೇ. ಕೊಡವರು ಅಲೆಕ್ಸಾಂಡರನ ಸೈನಿಕರ ಮಕ್ಕಳು, ಅರಬ್ಬರು ಎಂದೆಲ್ಲ ಫೋನಿನಲ್ಲಿ ಬರುತ್ತದಲ್ಲ, ಅದನ್ನು ಪಕ್ಕಕ್ಕಿಡಿ. ಅವರ ಭಾಷೆ ಕನ್ನಡ, ತುಳು, ಮಲಯಾಳಗಳ ಅಕ್ಕತಂಗಿ, ದ್ರಾವಿಡ ಭಾಷೆ. ಗ್ರೀಸಿನಿಂದ ಬಂದವರಾದರೆ ಒಂದು ಗ್ರೀಕ್ ಪದವನ್ನಾದರೂ ಮರೆಯದೆ ತರಬೇಕಿತ್ತು.

ಇನ್ನು ಉಡುಗೆ. ಕುಪ್ಯ ಚೇಲೆ, ಅಂದರೆ ಉದ್ದನೆಯ ನಿಲುವಂಗಿ ಮತ್ತು ನಡುಪಟ್ಟಿ, ಉಟ್ಟು ಪೀಚೆಕತ್ತಿ ಎಂಬ ಚಿಕ್ಕ ಕತ್ತಿ ಸಿಕ್ಕಿಸಿಕೊಂಡವರನ್ನು ಕಂಡು ನೀವು ಕೊಡವರು ಅಂದುಕೊಳ್ಳುತ್ತೀರಿ. ನಮ್ಮ ಮದುವೆಯ ಮದುಮಗನೂ ಅದನ್ನೇ ಉಡುತ್ತಾನೆ. ಹೆಂಗಸರ ಸೀರೆಯ ನೆರಿಗೆ ಹಿಂದಕ್ಕಿರುವುದಕ್ಕೆ, ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದೆ ಸರಿಯಿತು ಎಂಬ ಕತೆಯಿದೆ. ಸುಗ್ಗಿಯ ಹಬ್ಬ ಹುತ್ತರಿಗೂ ಅಷ್ಟೇ. ಕಕ್ಕಬ್ಬೆಯ ಇಗ್ಗುತಪ್ಪನ ಸನ್ನಿಧಿಯಲ್ಲಿ ಮುಹೂರ್ತ ಗೊತ್ತಾಗುತ್ತದೆ. ಆ ರಾತ್ರಿ ಆಚೆ ಗದ್ದೆಯಲ್ಲಿ "ಪೊಲಿ ಪೊಲಿ ದೇವಾ" ಎಂದು ಕದಿರು ಕೊಯ್ದು ಗುಂಡು ಹಾರಿಸಿದರೆ, ಈಚೆ ನಾವೂ ಕುಡುಗೋಲು ಹಿಡಿದು ಗದ್ದೆಯಲ್ಲೇ ಇರುತ್ತೇವೆ.

ಗುಂಡು ಅಂದಾಗ ನೆನಪಾಯಿತು. ಕೊಡಗಿನವರಿಗೆ ಬಂದೂಕಿಗೆ ಲೈಸೆನ್ಸ್ ಬೇಡ ಎಂದು ನೀವು ಕೇಳಿರಬಹುದು. ಬ್ರಿಟಿಷರ ಕಾಲದ ವಿನಾಯಿತಿ ಅದು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಯಾರಿಗೆ ಕೊಟ್ಟಿದ್ದಾರೆ ನೋಡಿ: ಒಂದು ಕೊಡವ ಜನಾಂಗದವರಿಗೆ, ಇನ್ನೊಂದು ಜಮ್ಮಾ ಭೂಮಿ ಇರುವವರಿಗೆ. ಜಮ್ಮಾ ಅಂದರೆ ರಾಜರ ಕಾಲದಲ್ಲಿ ಸೈನ್ಯಕ್ಕೆ ದುಡಿದವರ ವಂಶಕ್ಕೆ ಕೊಟ್ಟ ಜಮೀನು. ಅದು ಗೌಡರ ಮನೆಗಳಲ್ಲೂ ಇದೆ, ಮಾಪಿಳ್ಳೆಗಳಲ್ಲೂ ಇದೆ. ರಕ್ತವೋ ಭೂಮಿಯೋ ಎಂದು ಕಾನೂನಿಗೂ ತೀರ್ಮಾನಿಸಲು ಆಗಲಿಲ್ಲ, ಎರಡನ್ನೂ ಬರೆದಿಟ್ಟಿತು.

ಭೂಮಿ ಇಲ್ಲದವರ ಮಾತೇ ಬೇರೆ. ದಕ್ಷಿಣ ಕೊಡಗಿನ ಎರವರು, ಜೇನುಕುರುಬರು ಈ ಕಾಡಿನ ಬುಡಕಟ್ಟಿನವರು. ಒಂದು ಕಾಲದಲ್ಲಿ ಎರವರು ಜಮೀನಿನ ಒಡೆಯರ ಜೀತದಾಳುಗಳಾಗಿದ್ದರು. ಈಗಲೂ ಎಷ್ಟೋ ಜನ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇದ್ದಾರೆ. ಲೈನ್‌ಮನೆಗೆ ಹೆಸರಿರುವುದಿಲ್ಲ, ನಂಬರಿರುತ್ತದೆ. ಸಂಸ್ಕೃತಿ, ಸಂಸ್ಕೃತಿ ಎಂದು ನಾವು ಹೆಮ್ಮೆಪಡುವಾಗ ಈ ಮಾತನ್ನು ಯಾರೂ ಎತ್ತುವುದಿಲ್ಲ. ಮೇ ತಿಂಗಳಲ್ಲಿ ದೇವರಪುರಕ್ಕೆ ಬನ್ನಿ, ಇವರ ಕುಂಡೆ ಹಬ್ಬ ನೋಡಿ. ಗಂಡಸರು ಹೆಣ್ಣು ವೇಷ ಹಾಕಿ, ಸಿಕ್ಕಿದ್ದನ್ನು ಬಡಿಯುತ್ತಾ, ದೇವರನ್ನೂ ದಾರಿಯಲ್ಲಿ ಹೋಗುವ ಸಾಹುಕಾರರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ಆವತ್ತು ಯಾರೂ ಕೋಪ ಮಾಡಿಕೊಳ್ಳುವಂತಿಲ್ಲ. ಕಾಸು ಕೊಟ್ಟು ಮುಂದೆ ಹೋಗಬೇಕು.

ಸೋಮವಾರಪೇಟೆ, ಶನಿವಾರಸಂತೆ ಕಡೆ ಹೋದರೆ ಇದ್ಯಾವುದೂ ಅಲ್ಲ. ಲಿಂಗಾಯತರು, ಒಕ್ಕಲಿಗರು, ಮನೆಮಾತು ಕನ್ನಡ. 1834ರವರೆಗೆ ಕೊಡಗನ್ನಾಳಿದ ಹಾಲೇರಿ ರಾಜರೂ ಲಿಂಗಾಯತರೇ. ಮಡಿಕೇರಿಯಲ್ಲಿ ಅವರ ಗದ್ದಿಗೆ, ಅಂದರೆ ಸಮಾಧಿ, ನೋಡಿದ್ದೀರಾ? ದೂರದಿಂದ ಮಸೀದಿಯ ಗುಮ್ಮಟ, ಹತ್ತಿರ ಹೋದರೆ ಮೂಲೆಯಲ್ಲಿ ನಂದಿ ಕೂತಿರುತ್ತದೆ.

ಮುಂದಿನ ಸಲ ಬಂದಾಗ ನಮ್ಮಜ್ಜಿ ಖಂಡಿತ ಕೇಳುತ್ತಾರೆ, ಯಾವ ಮನೆಯವರು ಅಂತ. ಮೈಸೂರಿನ ಬಡಾವಣೆ, ಕ್ರಾಸು ಹೇಳಬೇಡಿ. ನಿಮ್ಮ ಮುತ್ತಜ್ಜ ಯಾವ ಊರಿನವರು ಎಂದು ಮನೆಯಲ್ಲಿ ವಿಚಾರಿಸಿಕೊಂಡೇ ಬನ್ನಿ. ಅಲ್ಲಿವರೆಗೂ ಅಜ್ಜಿ ಕಾಫಿ ಲೋಟ ಕೈಯಲ್ಲೇ ಹಿಡಿದುಕೊಂಡಿರುತ್ತಾರೆ.