ಗಣಿ ಮೇಸ್ತ್ರಿಗೆ ಕೇಳಿ: ಬೆಳ್ಳಿ ಬೆಟ್ಟದ ಹೊಟ್ಟೆಯೊಳಗೆ

ಪ್ರಶ್ನೆ: ಮಗಳ ಮೊದಲ ಹುಟ್ಟುಹಬ್ಬಕ್ಕೆ ಬೆಳ್ಳಿ ಕಾಲ್ಗೆಜ್ಜೆ ತಂದೆವು. ಚಿನ್ನದ ಗಣಿಯ ಬಗ್ಗೆ ನೀವು ಬರೆದಿದ್ದನ್ನು ಓದಿದ್ದೆ. ಬೆಳ್ಳಿ ತೆಗೆಯುವವರ ದಿನ ಹೇಗಿರುತ್ತದೆ? ಅಲ್ಲೂ ಅಷ್ಟೇ ಅಪಾಯವಾ?
– ಓದುಗಿ, ಹಾವೇರಿ

ಉತ್ತರ: ನಿಮ್ಮ ಮಗಳ ಗೆಜ್ಜೆಯ ಬೆಳ್ಳಿ ಯಾವ ಗಣಿಯದ್ದು ಅಂತ ಅಂಗಡಿಯವನಿಗೂ ಗೊತ್ತಿರುವುದಿಲ್ಲ ತಾಯಿ. ನಮ್ಮ ದೇಶದಲ್ಲಿ ತೆಗೆಯುವ ಬೆಳ್ಳಿ ಹೆಚ್ಚಾಗಿ ರಾಜಸ್ಥಾನದ ಸೀಸ, ಸತುವಿನ ಗಣಿಗಳಿಂದ ಬರುತ್ತದೆ. ಅಲ್ಲಿಗೆ ನಾನು ಹೋಗಿಲ್ಲ. ನಾನು ಒಳಗೆ ಹೊಕ್ಕು ನೋಡಿದ ಬೆಳ್ಳಿ ಗಣಿ ಒಂದೇ. ಅದು ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ, ಪೊಟೊಸಿ ಎಂಬ ಊರಲ್ಲಿದೆ.

ಕೆಜಿಎಫ್‌ನಲ್ಲಿ 22 ವರ್ಷ ನನ್ನದು ಅಂಡರ್‌ಗ್ರೌಂಡಿನಲ್ಲಿ ಮರದ ಕಂಬ ನಿಲ್ಲಿಸುವ ಕೆಲಸ. 2013ರಲ್ಲಿ ಮಗ ಚಿಲಿಯಲ್ಲಿದ್ದ. ಅವನೇ ಕರೆದುಕೊಂಡು ಹೋದ. 'ಇಷ್ಟು ದೂರ ಬಂದೂ ಗಣಿನೇ ನೋಡ್ಬೇಕಾ ಅಪ್ಪಾ' ಅಂತ ದಾರಿಯುದ್ದಕ್ಕೂ ಗೊಣಗಿದ.

ಪೊಟೊಸಿ ಸಮುದ್ರ ಮಟ್ಟದಿಂದ 4,000 ಮೀಟರಿಗೂ ಮೇಲಿದೆ. ಲಾಡ್ಜಿನ ಮೆಟ್ಟಿಲು ಹತ್ತುವುದರೊಳಗೆ ನನಗೆ ಏದುಸಿರು. ಊರಿನ ನೆತ್ತಿಯ ಮೇಲೆ ಕೆಂಪು ಗೋಪುರದ ಹಾಗೆ ಒಂದು ಬೆಟ್ಟ. ಸೆರ್ರೊ ರಿಕೊ ಅಂತಾರೆ, ಅಂದರೆ ಸಿರಿವಂತ ಬೆಟ್ಟ. 1545ರಲ್ಲಿ ಅಲ್ಲಿ ಬೆಳ್ಳಿ ಸಿಕ್ಕಿತು. ಅವತ್ತಿನಿಂದ ಜನ ಅದನ್ನು ಕೊರೆಯುತ್ತಲೇ ಇದ್ದಾರೆ. 1570ರ ದಶಕದಲ್ಲಿ ಸ್ಪೇನಿನ ಆಡಳಿತ ಹಳ್ಳಿಗಳ ಗಂಡಸರನ್ನು ಸರದಿಯ ಮೇಲೆ ಬಲವಂತದ ದುಡಿಮೆಗೆ ಎಳೆದು ತರುವ ಪದ್ಧತಿ ಮಾಡಿತು. ಅದು ಸುಮಾರು 240 ವರ್ಷ ನಡೆಯಿತು. ಅಲ್ಲಿನವರು ಇದನ್ನು ಮನುಷ್ಯರನ್ನು ತಿನ್ನುವ ಬೆಟ್ಟ ಅಂತಲೂ ಕರೆಯುತ್ತಾರೆ.

ಗಣಿಗಾರನ ದಿನ ಶುರುವಾಗುವುದು ಸಂತೆಯಲ್ಲಿ. ಬೆಟ್ಟದ ದಾರಿಯಲ್ಲಿ ಸಾಲಾಗಿ ಪೆಟ್ಟಿಗೆ ಅಂಗಡಿಗಳು. ನಮ್ಮಲ್ಲಿ ಬೀಡಿ, ಬಾಳೆಹಣ್ಣು ಮಾರಿದ ಹಾಗೆ ಅಲ್ಲಿ ಡೈನಮೈಟ್ ಕಡ್ಡಿ, ಬತ್ತಿ, ಕೋಕಾ ಎಲೆ ಮಾರುತ್ತಾರೆ. ನಮ್ಮಲ್ಲಿ ಸಿಡಿಮದ್ದು ಬೀಗ ಹಾಕಿದ ಕೋಣೆಯಿಂದ ಲೆಕ್ಕ ಬರೆದು ಬರುತ್ತಿತ್ತು. ಇಲ್ಲಿ ಪ್ರವಾಸಿಗರೂ ಒಂದು ಕಡ್ಡಿ ಕೊಂಡು ಕೆಲಸಗಾರರಿಗೆ ಕೊಡುತ್ತಾರೆ, ನಾವು ನೆಂಟರ ಮನೆಗೆ ಬಿಸ್ಕತ್ತು ಒಯ್ದ ಹಾಗೆ. ನಾನೂ ಎರಡು ಕಡ್ಡಿ ಕೊಂಡೆ. ಕೈ ನಡುಗಿತು ಅಂತ ಒಪ್ಪಿಕೊಳ್ಳುತ್ತೇನೆ.

ಗಣಿಯ ಬಾಯಿಗೆ ಬಂದ ಮೇಲೂ ತಕ್ಷಣ ಒಳಗೆ ಹೋಗುವುದಿಲ್ಲ. ಕೂತು ಒಂದೊಂದೇ ಕೋಕಾ ಎಲೆ ದವಡೆಗೆ ತುಂಬಿಕೊಳ್ಳುತ್ತಾರೆ. ಜೊತೆಗೆ ಬೂದಿಯ ಉಂಡೆಯ ಚೂರು. ನಮ್ಮ ಎಲೆಅಡಿಕೆಗೆ ಸುಣ್ಣ ಹೇಗೋ ಹಾಗೆ. ಹಸಿವು, ಸುಸ್ತು ಎರಡೂ ಗೊತ್ತಾಗದಂತೆ ಮಾಡುತ್ತದಂತೆ. ಒಳಗೆ ಊಟ ಮಾಡುವುದಿಲ್ಲ. ಅನ್ನದ ಜೊತೆ ಧೂಳೂ ಹೊಟ್ಟೆಗೆ ಹೋಗುತ್ತದಲ್ವಾ? ಎಲೆ ಸಪ್ಪೆಯಾಯಿತು ಅಂದರೆ ಇಷ್ಟು ಹೊತ್ತಾಯಿತು ಅಂತ ಲೆಕ್ಕ.

ಒಳಗೆ ನಾನು ಮೊದಲು ಹುಡುಕಿದ್ದು ಟೋಕನ್ ಬೋರ್ಡು. ಯಾರು ಇಳಿದರು, ಯಾರು ಹತ್ತಿದರು ಅಂತ ತಿಳಿಯಲು ನಮಗೆ ಟೋಕನ್ ಇರುತ್ತಿತ್ತು. ನಾನು ಹೋದ ಕಡೆ ಅಂಥದ್ದು ಕಾಣಲಿಲ್ಲ. 'ಸಂಜೆ ಮನೆಗೆ ಬರದಿದ್ದರೆ ಹೆಂಡತಿಗೆ ಗೊತ್ತಾಗುತ್ತದೆ' ಅಂದ ಗೈಡ್. ಅವನೂ ಮೊದಲು ಗಣಿಯಲ್ಲಿದ್ದವನೇ.

ಆಮೇಲೆ ನೋಡಿದ್ದು ಕಂಬ. ಅದು ನನ್ನ ಕಸುಬು, ಕಣ್ಣು ತಾನಾಗಿ ಹೋಗುತ್ತದೆ. ನೀಲಗಿರಿ ಮರದ ಕಂಬ ನಡುವೆ ಸೀಳಿ ಬಿಲ್ಲಿನ ಹಾಗೆ ಬಾಗಿತ್ತು. ಕೈಯಿಂದ ತಟ್ಟಿದೆ, ಪೊಳ್ಳು ಸದ್ದು. ನಮ್ಮಲ್ಲಾದರೆ ಅದನ್ನು ಬದಲಿಸುವವರೆಗೆ ಯಾರನ್ನೂ ಮುಂದೆ ಬಿಡುತ್ತಿರಲಿಲ್ಲ. ಇಲ್ಲಿ ಅದರ ಕೆಳಗೇ ನಾಲ್ವರು ಒಂದು ಟನ್ನಿಗೂ ಜಾಸ್ತಿ ತೂಕದ ಅದಿರಿನ ಬಂಡಿಯನ್ನು ಹಳಿ ಮೇಲೆ ತಳ್ಳಿಕೊಂಡು ಓಡಿ ಬಂದರು. ಇಬ್ಬರು ಹಗ್ಗ ಹಿಡಿದು ಮುಂದೆ, ಇಬ್ಬರು ಹಿಂದೆ. ಬ್ರೇಕ್ ಅಂದರೆ ಅವರ ಕಾಲೇ. ನಾನು ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡೆ.

ಇದನ್ನೆಲ್ಲಾ ಓದಿ ಕುಸಿತವೇ ದೊಡ್ಡ ಅಪಾಯ ಅಂದುಕೊಳ್ಳಬೇಡಿ. ಕುಸಿತವೂ ಇದೆ, ಸ್ಫೋಟದ ಹೊಗೆಯಲ್ಲಿರುವ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡೂ ಇದೆ. ಜಾಸ್ತಿ ಜನರನ್ನು ಸವೆಸುವುದು ಮಾತ್ರ ಧೂಳು. ಕಲ್ಲು ಕೊರೆಯುವಾಗ ನೀರು ಬಿಟ್ಟರೆ ಧೂಳು ಕೆಸರಾಗಿ ಕೆಳಗಿಳಿಯುತ್ತದೆ. ನೀರಿಲ್ಲದೆ ಕೊರೆದರೆ ಹಿಟ್ಟಿನ ಗಿರಣಿಯ ಹಾಗೆ. ಅಲ್ಲಿ ಒಬ್ಬ ಒಣ ಕೊರೆತ ನಡೆಸಿದ್ದ, ಮೂಗಿಗೆ ಬರೀ ಒಂದು ಬಟ್ಟೆ. ಸಿಲಿಕಾದ ನುಣ್ಣನೆ ಪುಡಿ ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತದೆ. ಆ ಗಾಯ ಗಟ್ಟಿಯಾಗಿ ಉಸಿರು ಕಮ್ಮಿಯಾಗುತ್ತಾ ಹೋಗುತ್ತದೆ. ಹೆಸರು ಸಿಲಿಕೋಸಿಸ್. ಮೊದಲಿನಂತೆ ಮಾಡುವ ಔಷಧ ಇಲ್ಲ. ಅಲ್ಲಿನವರು ಸುಮ್ನೆ 'ಗಣಿ ಕಾಯಿಲೆ' ಅಂತಾರೆ. ನಲವತ್ತರ ಆಸುಪಾಸಿನಲ್ಲೇ ಸಾಯುವವರು ಬಹಳ. ನನ್ನ ಚಿಕ್ಕಪ್ಪನಿಗೂ ಇದೇ ಇತ್ತು. ರಾತ್ರಿಯೆಲ್ಲಾ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಗೈಡಿನ ಕೆಮ್ಮು ಕೇಳಿದಾಗ ನನಗೆ ಗೊತ್ತಾಯಿತು. ಅವನನ್ನು ಏನೂ ಕೇಳಲಿಲ್ಲ.

ಪ್ರಶ್ನೆ: ಗಣಿಯೊಳಗೆ ಸೈತಾನನನ್ನು ಪೂಜಿಸುತ್ತಾರಂತೆ, ನಿಜವಾ?
– ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಕೊಂಬಿರುವ ಮಣ್ಣಿನ ಮೂರ್ತಿ ಇದೆ. ಎಲ್ ತಿಯೊ ಅಂತ ಹೆಸರು, ಅಂದರೆ ಮಾವ ಅಥವಾ ಚಿಕ್ಕಪ್ಪ. ಹೊರಗೆ ಚರ್ಚಿನ ದೇವರು, ಒಳಗೆ ಇವನ ಆಳ್ವಿಕೆ. ಅದಿರೂ ಇವನದೇ. ಬಾಯಿಗೆ ಹೊತ್ತಿಸಿದ ಸಿಗರೇಟು ಇಡುತ್ತಾರೆ, ಕೋಕಾ ಎಲೆ ಸುರಿಯುತ್ತಾರೆ, ನೂರಕ್ಕೆ 96 ಪಾಲು ಆಲ್ಕೋಹಾಲ್ ಇರುವ ಮದ್ಯ ನೆಲಕ್ಕೆ ಚೆಲ್ಲಿ ತಾವೂ ಕುಡಿಯುತ್ತಾರೆ. ನನಗೂ ಮುಚ್ಚಳದಷ್ಟು ಕೊಟ್ಟರು. ಗಂಟಲು ಸುಟ್ಟಿತು. ನಮ್ಮೂರಲ್ಲಿ ಮಾರಿಗೆ ಕೋಳಿ ಕೊಟ್ಟ ಹಾಗೆ ಅಲ್ಲಿ ಲಾಮಾ ಅನ್ನುವ ಒಂಟೆ ಜಾತಿಯ ಪ್ರಾಣಿಯನ್ನು ಬಲಿ ಕೊಡುತ್ತಾರೆ. ಸೈತಾನ ಪೂಜೆ ಅನ್ನುವವರು ಒಂದು ದಿನ ಒಳಗೆ ಕೆಲಸ ಮಾಡಿ ನೋಡಲಿ.

ಪ್ರಶ್ನೆ: ಇಷ್ಟು ಅಪಾಯವಿದ್ದರೂ ಯಾಕೆ ಹೋಗುತ್ತಾರೆ? ಸರ್ಕಾರ ಏನು ಮಾಡುತ್ತಿದೆ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: 1952ರಲ್ಲಿ ಬೊಲಿವಿಯಾ ದೊಡ್ಡ ಗಣಿಗಳನ್ನು ಸರ್ಕಾರದ ಕೈಗೆ ತೆಗೆದುಕೊಂಡಿತು. 1985ರಲ್ಲಿ ಆ ಗಣಿಗಳಿಂದ ತೆಗೆಯುತ್ತಿದ್ದ ತವರದ ಬೆಲೆ ಬಿದ್ದುಹೋಯಿತು. ಸರ್ಕಾರಿ ಗಣಿಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮನೆಗೆ ಹೋದರು. ಈಗ ಬೆಟ್ಟವನ್ನು ಕೊರೆಯುವುದು ಹೆಚ್ಚಾಗಿ ಸಹಕಾರ ಸಂಘಗಳು. ಸದಸ್ಯ ತನ್ನ ಸಿಡಿಮದ್ದು ತಾನೇ ಕೊಳ್ಳಬೇಕು, ಸಿಕ್ಕ ಅದಿರಿಗೆ ತಕ್ಕಷ್ಟು ದುಡ್ಡು. ಅದಿರು ಸಿಗದಿದ್ದರೆ ಅವತ್ತಿನ ದುಡಿಮೆ ದಂಡ. ಅವನ ಕೈಕೆಳಗಿನ ದಿನಗೂಲಿಯವರದು ಇನ್ನೂ ಕಷ್ಟ. ಮಾಲೀಕನೂ ತಾನೇ ಆದ ಮೇಲೆ ಸೀಳಿದ ಕಂಬಕ್ಕೆ ಯಾರ ಜೊತೆ ಜಗಳ ಆಡುವುದು?

ಗಂಡಸರು ಸತ್ತರೆ ಹೆಂಗಸರು ಹೊರಗೆ ಕಲ್ಲುರಾಶಿಯಲ್ಲಿ ಅದಿರು ಆರಿಸುತ್ತಾರೆ. ಕೆಲವರು ಮಕ್ಕಳ ಜೊತೆ ಗಣಿಯ ಬಾಯಲ್ಲೇ ಗುಡಿಸಲು ಹಾಕಿಕೊಂಡು ಸಾಮಾನು ಕಾಯುತ್ತಾರೆ. ಇನ್ನು ಬೆಟ್ಟವೇ ಟೊಳ್ಳಾಗಿದೆ. 2011ರಲ್ಲಿ ತುದಿಯಲ್ಲಿ ದೊಡ್ಡ ಗುಂಡಿ ಬಿತ್ತು. 2014ರಲ್ಲಿ ಯುನೆಸ್ಕೊ ಊರನ್ನು ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿತು. ಕೊರೆತ ನಿಂತಿಲ್ಲ.

ಹೊರಗೆ ಬಂದಾಗ ಬಂಡಿ ತಳ್ಳುವ ಹುಡುಗನೊಬ್ಬ ಮಗನ ಮೂಲಕ ನನ್ನನ್ನು ಕೇಳಿದ, ನಿಮ್ಮ ಗಣಿ ಎಷ್ಟು ಆಳ ಅಂತ. ಮೂರು ಕಿಲೋಮೀಟರಿಗೂ ಜಾಸ್ತಿ ಅಂದೆ. ಸುಳ್ಳು ಅಂತ ನಕ್ಕ. 2001ರಲ್ಲಿ ಮುಚ್ಚಿತು ಅಂದೆ. ಆಗ ನಗಲಿಲ್ಲ. ಮುಚ್ಚಿದ ಮೇಲೆ ನಿಮ್ಮವರು ಏನು ಮಾಡಿದರು ಅಂತ ಕೇಳಿದ. ತುಂಬಾ ಜನ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ ಅಂದೆ. ಅವನು ಕೆಳಗಿನ ಊರಿನ ಕಡೆ ನೋಡಿದ. 'ಇಲ್ಲಿಂದ ಅಂಥ ರೈಲಿಲ್ಲ' ಅಂದು ಎಲೆಯ ಚೀಲ ಬಿಚ್ಚಿದ.