ಮೂರು ಮನೆಗೆ ಒಂದು ಪ್ರತಿ: ಓದುಗರನ್ನು ಎಣಿಸುವುದು ಹೇಗೆ?

ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ:

"ಒಂದೇ ವಾರದಲ್ಲಿ ಎರಡು ದಿನಪತ್ರಿಕೆಗಳು ತಾವೇ ನಂಬರ್ ಒನ್ ಎಂದು ಹಾಕಿಕೊಂಡಿದ್ದನ್ನು ನೋಡಿದೆ. ಇಬ್ಬರೂ ಮೊದಲಿಗರಾಗುವುದು ಹೇಗೆ? ನನಗೆ ಎಪ್ಪತ್ತು ದಾಟಿತು. ಯಾವ ಪತ್ರಿಕೆ ಓದುತ್ತೀರಿ ಎಂದು ಕೇಳಲು ನಮ್ಮ ಮನೆಗೆ ಇದುವರೆಗೆ ಯಾರೂ ಬಂದಿಲ್ಲ. ನಿಮ್ಮ ಮಾಸಪತ್ರಿಕೆಯ ಒಂದು ಪ್ರತಿಯನ್ನು ನಮ್ಮ ಮೂರು ಮನೆಯವರು ಓದುತ್ತೇವೆ. ಆಮೇಲೆ ಅದು ಪೇಟೆಯ ಟೈಲರ್ ಅಂಗಡಿಗೆ ಹೋಗುತ್ತದೆ. ಇಷ್ಟವಾದ ಪುಟಗಳ ಫೋಟೋ ತೆಗೆದು ಪುಣೆಯಲ್ಲಿರುವ ಮಗಳಿಗೆ ಕಳಿಸುತ್ತೇನೆ. ಇವರೆಲ್ಲ ಯಾರ ಲೆಕ್ಕದಲ್ಲಿದ್ದಾರೆ? ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮನೆ ಮನೆ ಸುತ್ತುವ ಹಳೇ ಪದ್ಧತಿ ಬಿಟ್ಟು ಅದರಲ್ಲೇ ಎಣಿಸಬಾರದೇ? ಕೊನೆಗೆ ಇನ್ನೊಂದು. ನಾವು ಹೀಗೆ ಹಂಚಿಕೊಂಡು ಓದುವುದರಿಂದ ನಿಮಗೆ ನಷ್ಟವೇ?"

ಮೇಷ್ಟ್ರೇ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಇದು ಪತ್ರಿಕೆ ಮಾಡುವವರು ಮತ್ತು ಜಾಹೀರಾತಿನವರು ತಮ್ಮೊಳಗೇ ಮಾತಾಡಿಕೊಳ್ಳುವ ವಿಷಯ. ಓದುಗರ ಮುಂದೆ ಬರುವುದೇ ಕಡಿಮೆ. ಆದರೆ ಎಣಿಸುವುದು ನಿಮ್ಮನ್ನೇ ಅಲ್ವಾ? ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎರಡು ನಂಬರ್ ಒನ್‌ಗಳ ವಿಷಯ ಮೊದಲು. ಇಬ್ಬರ ಮಾತೂ ನಿಜ ಇರಬಹುದು, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಒಂದು ಪ್ರಸಾರ ಸಂಖ್ಯೆ. ಎಷ್ಟು ಪ್ರತಿ ಅಚ್ಚಾಯಿತು, ಏಜೆಂಟರಿಂದ ಎಷ್ಟು ವಾಪಸ್ ಬಂತು, ನಿಜವಾಗಿ ಎಷ್ಟಕ್ಕೆ ಹಣ ಬಂತು ಅನ್ನುವ ಲೆಕ್ಕ. 1948ರಲ್ಲಿ ಶುರುವಾದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್, ಅಂದರೆ ಎಬಿಸಿ, ತನ್ನ ಸದಸ್ಯ ಪತ್ರಿಕೆಗಳ ಈ ಲೆಕ್ಕವನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತದೆ. ಇನ್ನೊಂದು ಓದುಗರ ಸಂಖ್ಯೆ. ಮಾರಾಟವಾದ ಪ್ರತಿಯನ್ನು ಎಷ್ಟು ಜನ ಓದಿದರು ಅನ್ನುವುದು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಟ್ಟಿರುವುದಿಲ್ಲ. ಜನರನ್ನೇ ಕೇಳಬೇಕು. ಒಬ್ಬರು ಪ್ರಸಾರದಲ್ಲಿ ಮುಂದಿರಬಹುದು, ಇನ್ನೊಬ್ಬರು ಓದುಗರ ಸಂಖ್ಯೆಯಲ್ಲಿ. ಅಥವಾ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಇಡೀ ರಾಜ್ಯದಲ್ಲಿ. ಮುಂದಿನ ಸಲ ಅಂಥ ಜಾಹೀರಾತು ಕಂಡರೆ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇರುವುದನ್ನು ಓದಿ. ಅಸಲಿ ವಿಷಯ ಅಲ್ಲಿರುತ್ತದೆ.

ಜನರನ್ನು ಕೇಳುವ ಕೆಲಸ ನಮ್ಮ ದೇಶದಲ್ಲಿ ದೊಡ್ಡ ಮಟ್ಟದಲ್ಲಿ ಶುರುವಾಗಿದ್ದು 1970ರ ರಾಷ್ಟ್ರೀಯ ಓದುಗ ಸಮೀಕ್ಷೆಯಿಂದ. 1995ರಲ್ಲಿ ಇಂಡಿಯನ್ ರೀಡರ್‌ಶಿಪ್ ಸರ್ವೆ, ಅಂದರೆ ಐಆರ್‌ಎಸ್ ಬಂತು. ಕೆಲವು ವರ್ಷ ಎರಡೂ ನಡೆದವು. 2006ರ ನಂತರ ಐಆರ್‌ಎಸ್ ಮಾತ್ರ ಉಳಿಯಿತು.

ನಿಮ್ಮ ಮನೆಗೆ ಯಾಕೆ ಬರಲಿಲ್ಲ? 2017ರ ಐಆರ್‌ಎಸ್‌ನಲ್ಲಿ ಸುಮಾರು 3.2 ಲಕ್ಷ ಮನೆಗಳಿಗೆ ಹೋಗಿದ್ದರು. ಕೇಳಲು ದೊಡ್ಡ ಸಂಖ್ಯೆ. ಆದರೆ 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಹತ್ತಿರ ಹತ್ತಿರ 25 ಕೋಟಿ ಮನೆಗಳಿದ್ದವು. ಏಳೆಂಟು ನೂರು ಮನೆಗೆ ಒಂದರಂತೆ ಆಯಿತು. ಅಷ್ಟು ಸಾಕೇ ಅಂದರೆ, ಕೆಲವಕ್ಕೆ ಸಾಕು. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಅದೇ ಚಿತ್ರಾನ್ನದಲ್ಲಿ ಸಾಸಿವೆ ಎಷ್ಟಿದೆ ಅಂತ ಒಂದು ಅಗುಳಿನಿಂದ ತಿಳಿಯುವುದಿಲ್ಲ. ದೊಡ್ಡ ದಿನಪತ್ರಿಕೆಗಳು ಅನ್ನವಾದರೆ, ನಮ್ಮಂಥ ಮಾಸಪತ್ರಿಕೆಗಳು ಆ ಸಾಸಿವೆ.

ಲೆಕ್ಕ ಹಾಕಿಯೇ ನೋಡೋಣ. ಒಂದು ಜಿಲ್ಲೆಯಲ್ಲಿ ಸಾವಿರ ಜನರನ್ನು ಮಾತಾಡಿಸಿದರು ಅಂತಿಟ್ಟುಕೊಳ್ಳಿ. ನಿಜವಾಗಿ ನೂರಕ್ಕೆ ಒಬ್ಬರು ಓದುವ ಪತ್ರಿಕೆಗೆ ಆ ಸಾವಿರದಲ್ಲಿ ಹತ್ತು ಓದುಗರು ಸಿಗಬೇಕು. ಆದರೆ ಯಾರ ಮನೆ ಆಯ್ಕೆಯಾಗುತ್ತದೆ ಅನ್ನುವುದು ಅದೃಷ್ಟದ ಆಟ. ಹಾಗಾಗಿ ನಾಲ್ಕು ಜನ ಸಿಕ್ಕರೂ ಆಶ್ಚರ್ಯವಿಲ್ಲ, ಹದಿನಾರು ಸಿಕ್ಕರೂ ಆಶ್ಚರ್ಯವಿಲ್ಲ. ಸಮೀಕ್ಷೆಯಲ್ಲಿ ಯಾರೂ ಮೋಸ ಮಾಡಿಲ್ಲ, ಪತ್ರಿಕೆಯೂ ಬದಲಾಗಿಲ್ಲ. ಆದರೂ ಒಂದು ವರ್ಷ ನಾಲ್ಕು, ಮರುವರ್ಷ ಹದಿನಾರು ಬಂದರೆ ಓದುಗರು ನಾಲ್ಕು ಪಟ್ಟು ಆದಂತೆ ಕಾಣುತ್ತದೆ. ಉಲ್ಟಾ ಆದರೆ ಪತ್ರಿಕೆ ಮುಳುಗಿದಂತೆ. ಇಷ್ಟರ ಮೇಲೆ ಒಂದು ವರ್ಷದ ಜಾಹೀರಾತು ನಿಂತಿರುತ್ತದೆ. ಜಾಹೀರಾತು ಏಜೆನ್ಸಿಯವರ ಮುಂದಿನ ಪಟ್ಟಿಯಲ್ಲಿ ಹೆಸರು ಕೆಳಗೆ ಜಾರಿದರೆ ಅವರು ಫೋನ್ ಮಾಡಿ ಕಾರಣ ಕೇಳುವುದಿಲ್ಲ. ಸುಮ್ನೆ ಕೈಬಿಡುತ್ತಾರೆ.

ಕೇಳುವ ಪ್ರಶ್ನೆಯದ್ದೇ ಇನ್ನೊಂದು ಕಥೆ. "ಯಾವ ಪತ್ರಿಕೆ ಓದ್ತೀರಿ?" ಅಂತ ಸುಮ್ನೆ ಕೇಳಿದರೆ ಆಗುವುದಿಲ್ಲ. ನಮ್ಮಲ್ಲೇ ನೋಡಿ: ಪ್ರಜಾವಾಣಿ, ಉದಯವಾಣಿ, ವಿಜಯವಾಣಿ, ವಿಶ್ವವಾಣಿ. ಸಂಯುಕ್ತ ಕರ್ನಾಟಕ, ವಿಜಯ ಕರ್ನಾಟಕ. ಅವಸರದಲ್ಲಿ ಹೇಳಿದರೆ ಬರೆದುಕೊಳ್ಳುವವರಿಗೆ ಗೊಂದಲ ಆಗದೆ ಇರುತ್ತದೆಯೇ? ಅದಕ್ಕೇ ಪತ್ರಿಕೆಯ ಹೆಸರು ಮುಖಪುಟದಲ್ಲಿ ಹೇಗಿರುತ್ತದೋ ಹಾಗೆಯೇ ಅಚ್ಚಾದ ಚಿತ್ರ ತೋರಿಸಿ ಕೇಳುತ್ತಾರೆ. ಕೊನೆಯ ಸಲ ಯಾವಾಗ ಓದಿದಿರಿ ಅಂತಲೂ ಕೇಳುತ್ತಾರೆ. ದಿನಪತ್ರಿಕೆಯಾದರೆ ನಿನ್ನೆ, ವಾರಪತ್ರಿಕೆಯಾದರೆ ಕಳೆದ ವಾರ, ಮಾಸಪತ್ರಿಕೆಯಾದರೆ ಕಳೆದ ತಿಂಗಳು ಓದಿದ್ದರೆ ಸರಾಸರಿ ಸಂಚಿಕೆಯ ಓದುಗರ ಲೆಕ್ಕಕ್ಕೆ ಸೇರುತ್ತೀರಿ. 2017ರಲ್ಲಿ ಇನ್ನೊಂದು ಅಳತೆಯನ್ನು ಮುಂದೆ ತಂದರು. ತಿಂಗಳಲ್ಲಿ ಒಂದು ದಿನ ದಿನಪತ್ರಿಕೆ ನೋಡಿದವರೂ 'ಒಟ್ಟು ಓದುಗರು'. ಹಾಗೆ ಎಣಿಸಿದಾಗ ದೇಶದಲ್ಲಿ ದಿನಪತ್ರಿಕೆ ಓದುವವರು 40 ಕೋಟಿ ದಾಟಿದರು. ಅದು ಸುಳ್ಳಲ್ಲ. ಆದರೆ ದಿನಾ ಬೆಳಗ್ಗೆ ಓದುವವರೂ ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ತಿರುವಿ ಹಾಕುವವರೂ ಅಲ್ಲಿ ಒಂದೇ ಆಗಿಬಿಡುತ್ತಾರೆ.

ಮಾಸಪತ್ರಿಕೆಗಳಿಗೆ ಈ 'ಕಳೆದ ತಿಂಗಳು' ಅನ್ನುವ ಪ್ರಶ್ನೆ ಇನ್ನೂ ಕಷ್ಟ. ದೀಪಾವಳಿ ವಿಶೇಷಾಂಕವನ್ನೇ ತೆಗೆದುಕೊಳ್ಳಿ. ಜನ ಅದನ್ನು ನವೆಂಬರ್‌ನಲ್ಲಿ ಕೊಂಡು ಫೆಬ್ರವರಿಯವರೆಗೂ ಸ್ವಲ್ಪ ಸ್ವಲ್ಪವೇ ಓದುತ್ತಾರೆ. ಡಿಸೆಂಬರ್‌ನಲ್ಲಿ ಕೇಳಿದರೂ ಹೌದು, ಜನವರಿಯಲ್ಲಿ ಕೇಳಿದರೂ ಹೌದು. ಕೊಂಡಿದ್ದು ಒಂದು ಸಂಚಿಕೆ, ಆದರೆ ಪ್ರತಿ ತಿಂಗಳೂ ಅವರು ಓದುಗರೇ. ಇಲ್ಲಿ ಲೆಕ್ಕ ಉಬ್ಬುತ್ತದೆ. ಅದೇ ಲೈಬ್ರರಿಯಲ್ಲಿ ಕೂತು ಹಿಂದಿನ ಮೂರು ಸಂಚಿಕೆಗಳನ್ನು ಒಂದೇ ಮಧ್ಯಾಹ್ನ ಓದಿ ಮುಗಿಸುವವರೂ ಇದ್ದಾರೆ. ಅವರೂ ಒಬ್ಬರೇ. ಅಲ್ಲಿ ಲೆಕ್ಕ ಕುಗ್ಗುತ್ತದೆ. ಇದಕ್ಕೆ ಒಂದು ಹಳೆಯ ಉಪಾಯವಿತ್ತು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಲೈಫ್ ಪತ್ರಿಕೆಯವರು ಶುರು ಮಾಡಿದ ಅಧ್ಯಯನದಲ್ಲಿ ಸಂಚಿಕೆಯನ್ನೇ ಕೈಗೆ ಕೊಟ್ಟು ಪುಟ ತಿರುವುತ್ತಾ ಕೇಳುತ್ತಿದ್ದರು: ಇದನ್ನು ನೋಡಿದ್ದೀರಾ, ಈ ಲೇಖನ ಓದಿದ್ದೀರಾ? ನನ್ನ ಮಟ್ಟಿಗೆ ಇದಕ್ಕಿಂತ ಪ್ರಾಮಾಣಿಕ ವಿಧಾನ ಇನ್ನೊಂದಿಲ್ಲ. ಓದಿದವರಿಗೆ ಪುಟ ಕಂಡ ಕೂಡಲೇ ನೆನಪಾಗುತ್ತದೆ. ಆದರೆ ನೂರಾರು ಪತ್ರಿಕೆಗಳಿರುವ ದೇಶದಲ್ಲಿ ಎಲ್ಲ ಸಂಚಿಕೆಗಳನ್ನೂ ಹೊತ್ತುಕೊಂಡು ಮನೆ ಮನೆಗೆ ಹೋಗಲಾಗದು. ಹೆಸರಿನ ಚಿತ್ರ ತೋರಿಸಿ ಕೇಳುವ ವಿಧಾನ ಗೆದ್ದಿದ್ದು ಅದು ಹೆಚ್ಚು ಸರಿ ಎಂಬ ಕಾರಣಕ್ಕಲ್ಲ, ಬೇಗ ಮುಗಿಯುತ್ತದೆ, ಖರ್ಚು ಕಡಿಮೆ ಎಂಬ ಕಾರಣಕ್ಕೆ.

ಇಷ್ಟೆಲ್ಲ ಇದ್ದರೂ ಸಮೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ. ಅದನ್ನು ಹೇಗೆ ನಡೆಸಬಾರದು ಅನ್ನುವುದಕ್ಕೆ 2014ರ ಜನವರಿಯಲ್ಲಿ ಹೊರಬಂದ 2013ರ ಐಆರ್‌ಎಸ್ ನೆನಪಿಸಿಕೊಳ್ಳಬೇಕು. ಅದರ ಫಲಿತಾಂಶವನ್ನು 18 ಪತ್ರಿಕಾ ಸಮೂಹಗಳು ಒಟ್ಟಾಗಿ ತಿರಸ್ಕರಿಸಿದವು. ನಾಗಪುರದ ಹಿತವಾದ ಪತ್ರಿಕೆಗೆ ಆ ಊರಿನಲ್ಲಿ ಒಬ್ಬ ಓದುಗನೂ ಇಲ್ಲ ಅಂತ ಬಂದಿತ್ತು. ಅದರ ಪ್ರಸಾರವೇ 60 ಸಾವಿರ ಇತ್ತು. ಹಿಂದೂ ಬಿಸಿನೆಸ್‌ಲೈನ್‌ಗೆ ಚೆನ್ನೈಗಿಂತ ಮಣಿಪುರದಲ್ಲಿ ಮೂರು ಪಟ್ಟು ಓದುಗರಿದ್ದಾರೆ ಅಂತ ಬಂದಿತ್ತು. ಗಮನಿಸಿ, ಆ ಸಲವೇ ಕಾಗದದ ಬದಲು ಕಂಪ್ಯೂಟರ್ ಪರದೆ ಹಿಡಿದು ಮಾತಾಡಿಸುವ ಹೊಸ ವ್ಯವಸ್ಥೆ ತಂದಿದ್ದರು. ಹೊಸ ಯಂತ್ರ ಬಂದ ಮಾತ್ರಕ್ಕೆ ಲೆಕ್ಕ ಸರಿಯಾಗಲಿಲ್ಲ. ಆಮೇಲೆ ಮರುಪರಿಶೀಲನೆ ಆಯಿತು, ಜಗಳ ಬಹಳ ದಿನ ನಡೆಯಿತು. 2017ರಿಂದ ಸ್ವಲ್ಪ ನಂಬಿಕೆ ಮರಳಿತು ಅನ್ನುವಷ್ಟರಲ್ಲಿ ಕೋವಿಡ್ ಬಂತು. 2019ರ ಕೊನೆಯ ತ್ರೈಮಾಸಿಕದ ವರದಿ 2020ರ ಮೇ ತಿಂಗಳಲ್ಲಿ ಬಂದ ಮೇಲೆ ಸಮೀಕ್ಷೆ ನಿಂತಿತು. ಜನ ಮನೆಯಲ್ಲೇ ಕೂತು, ಪೇಪರ್ ಮುಟ್ಟಲೂ ಹೆದರಿ, ಓದುವ ಅಭ್ಯಾಸವನ್ನೇ ಬದಲಿಸಿಕೊಂಡ ಕಾಲ ಅದು. ಆ ಬದಲಾವಣೆಯನ್ನು ಐಆರ್‌ಎಸ್ ಅಳೆಯಲಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಈಗ ನಿಮ್ಮ ಮೊಬೈಲ್ ಪ್ರಶ್ನೆ. ಮೊಬೈಲ್‌ನಲ್ಲಿ ಎಣಿಸುವುದು ಸುಲಭ ಅನ್ನಿಸುತ್ತದೆ. ಆದರೆ ಮೊಬೈಲ್ ಎಣಿಸುವುದು ಸಾಧನಗಳನ್ನು, ಮನುಷ್ಯರನ್ನಲ್ಲ. ನೀವು ಒಂದೇ ಲೇಖನವನ್ನು ಫೋನಿನಲ್ಲಿ ಅರ್ಧ, ಕಂಪ್ಯೂಟರಿನಲ್ಲಿ ಅರ್ಧ ಓದಿದರೆ ಇಬ್ಬರಾಗುತ್ತೀರಿ. ಒಂದೇ ಫೋನಿನಲ್ಲಿ ಗಂಡ, ಹೆಂಡತಿ, ಮಗ ಓದಿದರೆ ಮೂವರೂ ಸೇರಿ ಒಬ್ಬರು. ಇ-ಪೇಪರ್‌ನ ಪಿಡಿಎಫ್ ವಾಟ್ಸಾಪ್‌ನಲ್ಲಿ ಹರಿದಾಡಿದರೆ ಮೊದಲು ಇಳಿಸಿಕೊಂಡವರು ಮಾತ್ರ ಕಾಣುತ್ತಾರೆ. ನಿಮ್ಮ ಮಗಳು ಫೋಟೋದಲ್ಲಿ ಓದಿದ್ದು ಎಲ್ಲೂ ದಾಖಲಾಗುವುದಿಲ್ಲ. ಇನ್ನು ಟೈಲರ್ ಅಂಗಡಿಯಲ್ಲಿ ಬ್ಲೌಸ್ ಅಳತೆ ಕೊಡಲು ಬಂದು ಕಾಯುವಾಗ ನಮ್ಮ ಕಥೆ ಓದುವ ಹೆಣ್ಣುಮಗಳನ್ನು ಯಾವ ಆ್ಯಪ್ ಎಣಿಸೀತು? ಅವಳು ಓದಿದ್ದು ಗೊತ್ತಾಗಬೇಕಾದರೆ ಯಾರಾದರೂ ಅವಳನ್ನು ಮಾತಾಡಿಸಲೇಬೇಕು.

ಯಂತ್ರ ಇಟ್ಟರೆ ಮೋಸ ಇರುವುದಿಲ್ಲ ಅನ್ನುವ ನಂಬಿಕೆಯೂ ಬೇಡ. ಯಾವ ಚಾನೆಲ್ ಎಷ್ಟು ಜನ ನೋಡುತ್ತಾರೆ ಅಂತ ಕೆಲವು ಮನೆಗಳ ಟಿವಿಗೆ ಮೀಟರ್ ಇಟ್ಟೇ ಅಳೆಯುತ್ತಾರೆ. ಕೆಲವು ಚಾನೆಲ್‌ಗಳನ್ನೇ ಹಾಕಿಡಲು ಮೀಟರ್ ಇರುವ ಮನೆಯವರಿಗೆ ಹಣ ಕೊಟ್ಟರು ಅನ್ನುವ ಆರೋಪ ಬಂದು 2020ರ ಅಕ್ಟೋಬರ್‌ನಲ್ಲಿ ಸುದ್ದಿ ಚಾನೆಲ್‌ಗಳ ರೇಟಿಂಗ್ ನಿಂತಿತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ.

ಹಾಗಂತ ಮೊಬೈಲ್ ಲೆಕ್ಕ ಬಿಟ್ಟರೂ ಆಗದು. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಕೂತು ಕನ್ನಡ ಓದುವವರನ್ನು ಮನೆ ಸಮೀಕ್ಷೆ ತಲುಪುವುದೇ ಇಲ್ಲ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳ ಗೇಟಿನಲ್ಲೇ ಸಮೀಕ್ಷೆಯವರನ್ನು ತಡೆಯುತ್ತಾರೆ. ಒಂದು ಕಡೆ ಹಳ್ಳಿಯ ಟೈಲರ್ ಅಂಗಡಿ, ಇನ್ನೊಂದು ಕಡೆ ಹದಿನಾಲ್ಕನೇ ಮಹಡಿಯ ಮನೆ. ಎರಡೂ ಕಡೆ ನಮ್ಮ ಓದುಗರಿದ್ದಾರೆ.

ಎರಡನ್ನೂ ಜೋಡಿಸುವ ಕೆಲಸವನ್ನು ಬ್ರಿಟನ್‌ನವರು ಮಾಡಿದ್ದಾರೆ. ಅಲ್ಲಿ 1956ರಿಂದ ನಡೆಯುತ್ತಿದ್ದ ರಾಷ್ಟ್ರೀಯ ಓದುಗ ಸಮೀಕ್ಷೆಯ ಜಾಗಕ್ಕೆ 2018ರಲ್ಲಿ ಪ್ಯಾಮ್ಕೊ ಎಂಬ ಸಂಸ್ಥೆಯ ಹೊಸ ಅಳತೆ ಬಂತು. ವರ್ಷಕ್ಕೆ ಸುಮಾರು 35 ಸಾವಿರ ಜನರನ್ನು ಮನೆಗೆ ಹೋಗಿ ಮಾತಾಡಿಸುವುದನ್ನು ಅವರು ಆಗ ಬಿಡಲಿಲ್ಲ. ಅವರಲ್ಲಿ ಒಪ್ಪಿದ ಸುಮಾರು 5 ಸಾವಿರ ಜನರ ಫೋನು, ಟ್ಯಾಬ್, ಕಂಪ್ಯೂಟರ್‌ಗಳಲ್ಲಿ ಏನು ಓದುತ್ತಾರೆ ಅಂತ ನೋಡಿದರು. ಅದರಿಂದ, ಅಚ್ಚಿನಲ್ಲಿ ಓದುವವರೇ ಪರದೆಯಲ್ಲೂ ಎಷ್ಟು ಜನ ಓದುತ್ತಾರೆ ಅನ್ನುವ ಅಂದಾಜು ಸಿಕ್ಕಿತು. ಒಬ್ಬ ಮನುಷ್ಯನನ್ನು ನಾಲ್ಕು ಕಡೆ ಕಂಡರೂ ಒಮ್ಮೆ ಮಾತ್ರ ಎಣಿಸುವುದು ಇದರ ಗುರಿ.

ಇಲ್ಲಿಯೂ ಅದೇ ದಾರಿ ಸರಿ ಅಂತ ನನ್ನ ಅಭಿಪ್ರಾಯ. ಆದರೆ ನಮ್ಮ ಓದಿನ ರೀತಿಗೆ ಹೊಂದಿಸಬೇಕು. ಮನೆಯಲ್ಲಿ ಯಾವ ಪತ್ರಿಕೆ ಅನ್ನುವುದರ ಜೊತೆಗೆ, ಈ ಪ್ರತಿ ನಿಮ್ಮ ಕೈಗೆ ಎಲ್ಲಿಂದ ಬಂತು ಅಂತ ವಿವರವಾಗಿ ಕೇಳಬೇಕು. ಪಕ್ಕದ ಮನೆಯಿಂದಲೋ, ಕಟಿಂಗ್ ಶಾಪಿನಿಂದಲೋ, ಗ್ರಾಮ ಪಂಚಾಯ್ತಿ ಲೈಬ್ರರಿಯಿಂದಲೋ. ಕರ್ನಾಟಕದಲ್ಲಿ ಈಗ ಅರಿವು ಕೇಂದ್ರ ಅಂತ ಕರೆಯುವ ಅಂಥ ಲೈಬ್ರರಿಗಳು 5 ಸಾವಿರಕ್ಕೂ ಜಾಸ್ತಿ ಇವೆ. ಅಲ್ಲಿ ಒಂದು ಪ್ರತಿಯನ್ನು ಇಡೀ ಊರು ಓದಿದರೂ ಪ್ರಸಾರದ ಲೆಕ್ಕದಲ್ಲಿ ಅದು ಒಂದೇ. ಸರ್ಕಾರಿ ಜಾಹೀರಾತಿನ ದರಕ್ಕೂ ಪ್ರಸಾರವನ್ನೇ ನೋಡುತ್ತಾರೆ. ಸಣ್ಣ ಪತ್ರಿಕೆಗಳಿಗೆ ಒಂದು ವರ್ಷದ ಅಂಕಿ ಕೊಡುವ ಬದಲು ಎರಡು ಮೂರು ವರ್ಷದ ಮಾತುಕತೆಗಳನ್ನು ಸೇರಿಸಿ ಕೊಡಲಿ. ಮೇಲೆ ಹೇಳಿದ ನಾಲ್ಕು ಮತ್ತು ಹದಿನಾರರ ಏರಿಳಿತ ಆಗ ಕಡಿಮೆಯಾಗುತ್ತದೆ. ಪ್ರತಿ ಅಂಕಿಯ ಪಕ್ಕದಲ್ಲೂ ಅದು ಎಷ್ಟು ಹೆಚ್ಚು ಕಡಿಮೆ ಆಗಬಹುದು ಅಂತ ಮುದ್ರಿಸಲಿ. ಆಗ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಇನ್ನೊಂದು ಮಾತನ್ನು ನಮ್ಮ ವೃತ್ತಿಯವರಿಗೇ ಹೇಳಬೇಕು. ಈ ಸಮೀಕ್ಷೆಗಳಿಗೆ ಹಣ ಹಾಕುವವರಲ್ಲಿ ಪತ್ರಿಕೆಗಳೇ ಮುಖ್ಯ. ಅಳೆಸಿಕೊಳ್ಳುವವರೇ ಅಳೆಯುವವರಿಗೆ ಸಂಬಳ ಕೊಡುವ ಸ್ಥಿತಿ ಇದು. ವಿಧಾನವನ್ನು ಮೊದಲೇ ಎಲ್ಲರೂ ಕೂತು ಒಪ್ಪಲಿ, ಫಲಿತಾಂಶ ಬಂದ ಮೇಲೆ ಅಂಕಿ ಕೆಳಗಿಳಿದಿದೆ ಅಂತ ವಿಧಾನವನ್ನೇ ಬೈಯುವುದು ಬೇಡ. ಜಾಹೀರಾತುದಾರರೂ ಖರ್ಚಿನ ಪಾಲು ಹೆಚ್ಚಿಸಲಿ. ಆ ಅಂಕಿ ಬೇಕಾಗಿರುವುದು ಅವರಿಗೂ ತಾನೆ.

ಲಂಕೇಶ್ ಪತ್ರಿಕೆಯಂತೆ ಜಾಹೀರಾತನ್ನೇ ತೆಗೆದುಕೊಳ್ಳದೆ ಓದುಗರ ಹಣದಲ್ಲೇ ನಡೆದ ಉದಾಹರಣೆ ನಮ್ಮ ಕನ್ನಡದಲ್ಲೇ ಇದೆ. ಅಂಥ ಪತ್ರಿಕೆಗೆ ಈ ಯಾವ ಸಮೀಕ್ಷೆಯ ಹಂಗೂ ಇಲ್ಲ. ನಮಗೆ ಅಷ್ಟು ಬಲವಿಲ್ಲ. ಕಾಗದ, ಅಚ್ಚು, ಅಂಚೆ ಎಲ್ಲದರ ಖರ್ಚು ಸೇರಿಸಿದರೆ ನೀವು ಕೊಡುವ ಬೆಲೆ ಸಾಲುವುದಿಲ್ಲ. ಉಳಿದದ್ದನ್ನು ಜಾಹೀರಾತು ತುಂಬಬೇಕು.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಹಂಚಿಕೊಂಡು ಓದುವುದರಿಂದ ನಮಗೆ ನಷ್ಟವಿಲ್ಲ ಮೇಷ್ಟ್ರೇ. ಹಂಚಿಕೊಂಡು ಓದುವವರು ಯಾರ ಲೆಕ್ಕಕ್ಕೂ ಸಿಗದೆ ಹೋದರೆ ನಷ್ಟ. ಮೂರು ಮನೆಯವರೂ ಒಂದೇ ಪ್ರತಿ ಓದಿ, ಟೈಲರ್ ಅಂಗಡಿಗೂ ಕೊಡಿ, ಮಗಳಿಗೆ ಫೋಟೋ ಕಳಿಸುವುದನ್ನೂ ನಿಲ್ಲಿಸಬೇಡಿ. ಸಮೀಕ್ಷೆಯವರು ಎಂದಾದರೂ ನಿಮ್ಮ ಮನೆಗೆ ಬಂದರೆ ಗುರುತಿನ ಚೀಟಿ ನೋಡಿ ಒಳಗೆ ಕರೆಯಿರಿ. ನಮ್ಮ ಮೇಲಿನ ಪ್ರೀತಿಗೆ ಅಂತ ಓದದಿದ್ದ ತಿಂಗಳನ್ನೂ ಓದಿದೆ ಅನ್ನಬೇಡಿ. ಓದಿದ್ದನ್ನು ಓದಿದೆ ಅನ್ನಿ, ಪ್ರತಿ ಪಕ್ಕದ ಮನೆಯಿಂದ ಬಂದಿದ್ದರೆ ಅದನ್ನೂ ಹೇಳಿ.

– ಸಂಪಾದಕ