ಬರೀ ಒಪ್ಪಿಸುವುದು ಕಲಿಕೆಯೇ?

ಪ್ರಶ್ನೆ: ಮಗಳು ಸಂಗೀತದ ಪಾಠದಲ್ಲಿ ಹೇಳಿಕೊಟ್ಟಿದ್ದನ್ನಷ್ಟೇ ಒಪ್ಪಿಸುತ್ತಾಳೆ. ಸ್ವಂತಿಕೆ ಸತ್ತುಹೋಗುವುದಿಲ್ಲವೇ?

ಉತ್ತರ: ಖಂಡಿತ ಇಲ್ಲ. ಕರ್ನಾಟಕ ಸಂಗೀತದ ದಾರಿಯೇ ಹಾಗೆ. ಮೊದಲು ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ ಎಂಬ ಸ್ವರಾಭ್ಯಾಸಗಳು. ಆಮೇಲೆ ಗೀತೆ, ವರ್ಣ, ಕೃತಿ ಎಂಬ ಸಿದ್ಧ ರಚನೆಗಳು. ಸ್ವಂತವಾಗಿ ಕಲ್ಪನಾಸ್ವರ ಹಾಕುವುದು, ಅಂದರೆ ಹಾಡುತ್ತಲೇ ಸ್ವರಗಳನ್ನು ಹೆಣೆಯುವುದು, ಅದಾದ ಮೇಲೆ. ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗ ಮೋಹನ ರಾಗದಲ್ಲಿ ಸ್ವರ ಹಾಕುವಾಗ ಗ, ಪ ನಡುವೆ ಮಧ್ಯಮ, ಅಂದರೆ 'ಮ' ಸ್ವರ, ನುಸುಳಿಬಿಡುತ್ತಿತ್ತು. ಮೋಹನಕ್ಕೆ ಮಧ್ಯಮವೇ ಇಲ್ಲ, ಅಲ್ವಾ? ಆ ರಾಗದ ವರ್ಣವನ್ನು ಎರಡು ಕಾಲದಲ್ಲೂ, ಅಂದರೆ ನಿಧಾನವಾಗಿಯೂ ಅದರ ದುಪ್ಪಟ್ಟು ವೇಗದಲ್ಲೂ, ಹಾಡಿಸಿದೆ. ಗಂಟಲಿಗೆ ದಾರಿ ಸಿಕ್ಕಿತು. ಈಗ ಅವನು ಹಾಕುವ ಸ್ವರ ನಾನು ಹೇಳಿಕೊಟ್ಟದ್ದಲ್ಲ, ಕೇಳಿದರೆ ಖುಷಿಯಾಗುತ್ತದೆ. ನಿಮ್ಮಿಂದ ಒಂದೇ ಕೆಲಸ ಆಗಬೇಕು. ಮನೆಯಲ್ಲಿ ಅವಳು ಸುಮ್ನೆ ಏನಾದರೂ ಗುನುಗುತ್ತಿದ್ದರೆ ದಯವಿಟ್ಟು ತಿದ್ದಬೇಡಿ.